ಹಾರುವ ತಟ್ಟೆಗೆ ಮೊದಲ ಈಡು

ಅಂಗೈ ಮೇಲಿಟ್ಟರೆ ಅಂಚು ಬೆರಳಿನತ್ತ ಚಾಚುವ ಕಿತ್ತಳೆ ಬಣ್ಣದ ತಟ್ಟೆ. ವ್ಯಾಸ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ, ಅಚ್ಚಿಗೆ ಹಾಕಿ ಮಾಡಿದ್ದು. ಯಂತ್ರ ರಭಸದಿಂದ ಎಸೆದಾಗ ಮುರಿಯಬಾರದು, ಎರಡು ಮೂರು ಚರೆ ತಗುಲಿದೊಡನೆ ಚೂರಾಗಬೇಕು. ಕ್ಲೇ ಶೂಟಿಂಗ್ ಆಟ ನಿಂತಿರುವುದೇ ಈ ಪೆಡಸು ತಟ್ಟೆಯ ಮೇಲೆ.

ಕೋವಿ ಮುಟ್ಟಿಯೇ ಗೊತ್ತಿಲ್ಲದವರೂ ಇಂಗ್ಲೆಂಡಿನಲ್ಲಿ ಇದನ್ನು ಆಡಿ ನೋಡಬಹುದು. ಪೊಲೀಸರ ಒಪ್ಪಿಗೆಯಿರುವ ಮೈದಾನದಲ್ಲಿ, ಒಪ್ಪಿಗೆಯಾದ ವೇಳೆಯಲ್ಲಿ, ಇಂಥ ತಟ್ಟೆಗಳಿಗೆ ಗುರಿಯಿಡಲು ಸ್ವಂತ ಪರವಾನಗಿ ಬೇಡ ಎಂದು ಅಲ್ಲಿನ 1968ರ ಕಾಯ್ದೆ ಹೇಳುತ್ತದೆ. ಹಾಗಾಗಿ ವಾರಾಂತ್ಯದಲ್ಲಿ ಕಚೇರಿ ಗೆಳೆಯರು, ಅಪ್ಪ-ಮಗಳು, ನಿವೃತ್ತರು ಎಲ್ಲರೂ ಸಾಲಿನಲ್ಲಿರುತ್ತಾರೆ.

ಕಲಿಸುವವರು ಮೊದಲು ನೋಡುವುದು ಕಣ್ಣನ್ನು. ಎರಡೂ ಕಣ್ಣು ತೆರೆದು ದೂರದ ಗೂಟವೊಂದಕ್ಕೆ ಬೆರಳು ತೋರಿಸಲು ಹೇಳುತ್ತಾರೆ. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವುದನ್ನು ಮುಚ್ಚಿದಾಗ ಬೆರಳು ಗೂಟದಿಂದ ಪಕ್ಕಕ್ಕೆ ಸರಿದಂತೆ ಕಾಣುತ್ತದೋ ಅದೇ ಯಜಮಾನ ಕಣ್ಣು. ಬಲಗೈ ಬಳಸುವವರಲ್ಲೂ ಎಡಗಣ್ಣು ಯಜಮಾನನಾಗಿರುವುದುಂಟು. ಅಂಥವರಿಗೆ ಎಡ ಹೆಗಲಿಗೆ ಕೋವಿ ಕೊಡುತ್ತಾರೆ, ಇಲ್ಲವೇ ಕನ್ನಡಕದ ಎಡಗಾಜಿಗೆ ಟೇಪಿನ ತುಣುಕು ಅಂಟಿಸುತ್ತಾರೆ. ಇಷ್ಟಾದ ಮೇಲೆಯೇ ಹನ್ನೆರಡು ಬೋರಿನ ಜೋಡುನಳಿಗೆ ಕೈಗೆ ಬರುವುದು, ಅದೂ ಮಡಚಿ ತೆರೆದ ಸ್ಥಿತಿಯಲ್ಲಿ. ಸರದಿ ಬರುವ ತನಕ ಅದು ತೆರೆದೇ ಇರಬೇಕು. ನಳಿಗೆ ಖಾಲಿ ಎಂಬುದು ಸುತ್ತ ನಿಂತವರಿಗೂ ಕಾಣಬೇಕು.

ಕೋವಿಯ ಹಿಂಬದಿ ಕೆನ್ನೆಗೆ ಅಂಟಿ ಹೆಗಲಿನ ಗುಳಿಯಲ್ಲಿ ಕೂತರೆ ಒದೆತ ಅಷ್ಟಾಗಿ ಗೊತ್ತಾಗುವುದಿಲ್ಲ. ಭಾರ ಮುಂಗಾಲಿನ ಮೇಲೆ, ಕಿವಿಗೆ ರಕ್ಷಾಕವಚ. ‘ಪುಲ್’ ಎಂದು ಕೂಗಿದರೆ ತಟ್ಟೆ ಹಾರುತ್ತದೆ.

ಕಷ್ಟ ಶುರುವಾಗುವುದು ಇಲ್ಲಿಂದ. ಚರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತದೆ ನಿಜ. ಆದರೆ 30 ಮೀಟರ್ ದೂರ ಮುಟ್ಟುವಷ್ಟರಲ್ಲಿ, ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾಯುವ ತಟ್ಟೆ ಒಂದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಅದು ಇರುವಲ್ಲಿಗೆ ಹೊಡೆದರೆ ಈಡು ಹಿಂದೆಯೇ ಬೀಳುತ್ತದೆ. ನಳಿಗೆ ತಟ್ಟೆಯ ಹಿಂದಿನಿಂದ ಬಂದು, ಅದನ್ನು ದಾಟಿ, ಕುದುರೆ ಎಳೆದ ಮೇಲೂ ನಿಲ್ಲದೆ ತೂಗುತ್ತಲೇ ಇರಬೇಕು. ಅಂತರ ಅಳೆಯಲೆಂದು ಕಣ್ಣನ್ನು ನಳಿಗೆಯ ಮಣಿಗೆ ತಂದಿರೋ, ಕೋವಿ ನಿಂತಂತೆಯೇ. ಎರಡೂ ಕಣ್ಣು ತೆರೆದು ತಟ್ಟೆಯ ಮುಂದಂಚನ್ನಷ್ಟೇ ನೋಡಿ, ಕೈ ತಾನಾಗಿ ಬರುತ್ತದೆ ಎನ್ನುತ್ತಾರೆ ಅನುಭವಿಗಳು. ಈ ಆಟದಲ್ಲಿ ಕಲಿಯುವುದು ನೋಡುವುದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಡಗಿನ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಕಂಡವರಿಗೆ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಅಲ್ಲಿ ಕಾಯಿ ಅಲುಗದು. ಉಸಿರು ಹಿಡಿದು, ಕೋವಿಯನ್ನು ನಿಶ್ಚಲವಾಗಿಸಿ ಹೊಡೆಯುವ ಜಾಣ್ಮೆ ಬೇಕು. ಇಲ್ಲಿ ಕೋವಿ ನಿಶ್ಚಲವಾದರೆ ತಟ್ಟೆ ತಪ್ಪುತ್ತದೆ.

ತಟ್ಟೆಯ ಜಾಗದಲ್ಲಿ ಮೊದಲು ಇದ್ದದ್ದು ಜೀವಂತ ಪಾರಿವಾಳ. ಪೆಟ್ಟಿಗೆಯಿಂದ ಹಕ್ಕಿ ಬಿಟ್ಟು ಹೊಡೆಯುವ ಸ್ಪರ್ಧೆ 1900ರ ಪ್ಯಾರಿಸ್ ಕ್ರೀಡಾಕೂಟದಲ್ಲೂ ನಡೆದಿತ್ತು. ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ 1880ರ ಸುಮಾರಿಗೇ ಮಣ್ಣಿನ ತಟ್ಟೆ ತಂದಿದ್ದರೂ, ಬ್ರಿಟನ್ ಹಕ್ಕಿಯಾಟವನ್ನು ನಿಷೇಧಿಸಿದ್ದು 1921ರಲ್ಲಿ. ಕೋವಿಯ ಕ್ರೀಡೆಯೊಂದು ಜೀವಹಿಂಸೆಯನ್ನು ಬಿಟ್ಟು ಇಷ್ಟು ಸೊಗಸಾಗಿ ಬೆಳೆದದ್ದು ನನಗೆ ತುಂಬಾ ಮೆಚ್ಚುಗೆಯ ಸಂಗತಿ.

ಒಲಿಂಪಿಕ್ಸ್‌ನಲ್ಲೀಗ ಇದಕ್ಕೆ ಎರಡು ರೂಪ. ಟ್ರ್ಯಾಪ್‌ನಲ್ಲಿ ತಟ್ಟೆ ಎದುರಿನ ಕಂದಕದಿಂದ ಚಿಮ್ಮಿ ದೂರ ಓಡುತ್ತದೆ. ಸ್ಕೀಟ್‌ನಲ್ಲಿ ಎರಡು ಗೂಡುಗಳಿಂದ ಬಂದು ಅಡ್ಡ ಹಾಯುತ್ತದೆ. ತೋಳ್ಬಲದ ಲೆಕ್ಕ ಇಲ್ಲಿ ಹೆಚ್ಚು ನಡೆಯದು. 1992ರ ಬಾರ್ಸಿಲೋನಾದಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಸ್ಪರ್ಧಿಸಿದ್ದ ಸ್ಕೀಟ್‌ನಲ್ಲಿ ಚೀನಾದ ಝಾಂಗ್ ಶಾನ್ ಚಿನ್ನ ಗೆದ್ದರು. ಮುಂದಿನ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಸ್ಕೀಟ್ ಇರಲೇ ಇಲ್ಲ. ಆಕೆಗಾದದ್ದು ಅನ್ಯಾಯವೇ. 2000ದಲ್ಲಿ ಸಿಡ್ನಿ ಹೆಂಗಸರಿಗೆ ಪ್ರತ್ಯೇಕ ವಿಭಾಗ ತೆರೆಯಿತು.

ನಮ್ಮಲ್ಲಿ ಬಿಕಾನೇರದ ಕರ್ಣಿ ಸಿಂಗ್ 1962ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ತಂದರು, ರಾಜ್ಯವರ್ಧನ್ ರಾಥೋಡ್ 2004ರ ಅಥೆನ್ಸ್‌ನಲ್ಲಿ, ಒಟ್ಟಿಗೆ ಎರಡು ತಟ್ಟೆ ಹಾರುವ ಆಗಿನ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ. 2024ರ ಪ್ಯಾರಿಸ್‌ನ ಮಿಶ್ರ ಸ್ಕೀಟ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಕಂಚಿನ ಪದಕವನ್ನು 43–44ರಿಂದ ಕಳೆದುಕೊಂಡರು, ಒಂದೇ ಒಂದು ತಟ್ಟೆಯಿಂದ.