ಸತ್ಯಭಾಮಾ ಆಗಬೇಕಂದ್ರ

ಶ್ರೀಕೃಷ್ಣ ಪಾರಿಜಾತ. ನಮ್ಮ ಬೆಳಗಾವಿ ಸೀಮಿ ಬಯಲಾಟ. ಇದಕ್ಕ ಹೆಸರು ತಂದಾವ ಕುಲಗೋಡ ತಮ್ಮಣ್ಣ. ನಮ್ಮ ರಾಯಬಾಗದಿಂದ ಕುಲಗೋಡ ಬಾಳ ದೂರೇನಿಲ್ಲ.

ಮೇಳಕ್ಕ ಹೊಸದಾಗಿ ಸೇರಿದ ಹುಡುಗಗ ಬಂದ ಕೂಡಲೇ ಪಾತ್ರ ಸಿಗೂದಿಲ್ಲ. ಹಿಮ್ಮ್ಯಾಳದಾಗ ನಿಂತು ದನಿ ಕೂಡಸಬೇಕು, ತಾಳ ಹಿಡೀಬೇಕು, ಬಣ್ಣದ ಪೆಟ್ಟಿಗಿ ಹೊರಬೇಕು. ಹಗಲಿಗೆ ಹೊಲದ ಕೆಲಸ. ಉಗಾರ ಕಡೆ ಕಾರ್ಖಾನಿ ಹಂಗಾಮು ಶುರುವಾತಂದ್ರ ಕಬ್ಬಿನ ರವದಿ ಕೊರದು ಮುಂಗೈತುಂಬ ಗೀರು. ರಾತ್ರಿ ಅದೇ ಕೈಗೆ ಬಳಿ ಏರಿಸಿ ತಾಲೀಮು!

ಆಸೆ ಮಾತ್ರ ಸತ್ಯಭಾಮಾನ ಪಾತ್ರದ ಮ್ಯಾಲ. ಸೊಕ್ಕು, ಸಿಟ್ಟು, ಅಳು, ಎಲ್ಲಾ ಅಕೀಗೇ. ಪದ ಬಾಯಿಪಾಠ ಮಾಡಬಹುದು. ಖರೇ ಪರೀಕ್ಷಾ ಮಾತಿಂದು. ದೂತಿ ಪಾತ್ರದಾವ ನಡುವ ಬಂದು ಏನರ ಕೀಟಲಿ ಪ್ರಶ್ನೆ ಒಗದ್ರ, ಅಲ್ಲೇ, ಜನ ನಗೂಹಂಗ ಉತ್ತರ ಕೊಡಬೇಕು. ಅದು ಯಾವ ವಹಿಯೊಳಗೂ ಬರದಿರೂದಿಲ್ಲ. ಹಿರೇರ ಆಟ ನೋಡಿನೇ ಕಲೀಬೇಕು.

ಗಂಡಸರೇ ಹೆಣ್ಣುವೇಷ ಹಾಕತಿದ್ದ ಈ ಆಟದಾಗ ಹೆಣ್ಣುಮಗಳಾಗಿ ಹೆಸರು ಮಾಡಿದಾಕಿ ಕೌಜಲಗಿ ನಿಂಗಮ್ಮ. ಕಂಪನಿ ನಾಟಕದ ಏಣಗಿ ಬಾಳಪ್ಪನವರೂ ಹುಡುಗರಿದ್ದಾಗ ಹೆಣ್ಣುಪಾತ್ರ ಮಾಡಿದವರೇ. 2017ರಾಗ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು.

ನಮ್ಮ ಹುಡುಗಗ ಸದ್ಯಕ್ಕ ಗೊಲ್ಲತಿ ಪಾತ್ರ ಸಿಕ್ಕರೂ ಸಾಕಾಗೇದ. ಚಿಂಚಲಿ ಮಾಯಕ್ಕನ ಜಾತ್ರಿ ಬರೂದ್ರೊಳಗ ಮೇಳದ ಮಾಸ್ತರು ಒಪ್ಪಬೇಕಷ್ಟ.