ಒಕ್ಕಲುಮನೆಯ ಸ್ವಾವಲಂಬನೆ: ನೆಲೋಗಿ ಸೀಮೆಯನ್ನು ಕುರಿತ ಒಂದು ವಿವೇಚನೆ

ಹಳ್ಳಿಯಲ್ಲಿ ನೆಲೆಸಿ, ಬೇಕಾದುದನ್ನೆಲ್ಲ ತಾವೇ ಬೆಳೆದುಕೊಂಡು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಬೇಕೆಂಬ ಹಂಬಲ ಈಚೆಗೆ ಪಟ್ಟಣದ ವಿದ್ಯಾವಂತರಲ್ಲಿ ಕಾಣಬರುತ್ತಿದೆ. ಹಿಂದಿನ ಒಕ್ಕಲುಮನೆಗಳು ಹೀಗೆಯೇ ಬಾಳಿದುವು, ಅವಕ್ಕೆ ಹೊರಗಿನವರ ಹಂಗಿರಲಿಲ್ಲ ಎಂಬ ನಂಬಿಕೆ ಈ ಹಂಬಲದ ಬೆನ್ನಿಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನ ನೆಲೋಗಿ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಬೇಕೆಂದಿದ್ದೇವೆ.

ಭೀಮಾ ನದಿಯ ದಕ್ಷಿಣಕ್ಕಿರುವ ಈ ಸೀಮೆ ಬಹುಮಟ್ಟಿಗೆ ಎರೆಭೂಮಿ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ನಿಯತವಾದುದಲ್ಲ. ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಡುವುದರಿಂದ, ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಮತ್ತೆ ಮಳೆಯನ್ನು ಹೆಚ್ಚಾಗಿ ಬೇಡದೆ ಚಳಿಗಾಲದಲ್ಲಿ ಬೆಳೆದು ಕೊಯ್ಲಿಗೆ ಬರುತ್ತದೆ. ಜೋಳದೊಡನೆ ಕಡಲೆ, ಕುಸುಬೆ, ಅಗಸೆಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುವುದು ವಾಡಿಕೆ. ಕುಸುಬೆಯೊಂದನ್ನೇ ನೋಡಬಹುದು: ಅದರ ಎಳೆಯ ಎಲೆ ಪಲ್ಯಕ್ಕಾಯಿತು, ಬಲಿತ ಗಿಡದ ಮುಳ್ಳು ದನಗಳನ್ನು ಹೊಲದಿಂದ ದೂರವಿಟ್ಟಿತು, ಬೀಜ ಗಾಣಕ್ಕೆ ಹೋಗಿ ಅಡುಗೆಗೆ ಎಣ್ಣೆಯಾಯಿತು. ಜೋಳದ ಕಣಿಕೆ ಎತ್ತುಗಳ ಮೇವು.

ಮನೆಯ ಅಗತ್ಯವನ್ನು ಹೀಗೆ ಅಂದಾಜು ಮಾಡಬಹುದು. ಹಿರಿಯರೂ ಮಕ್ಕಳೂ ಸೇರಿ ಆರು ಜನರಿರುವ ಮನೆಗೆ ದಿನಕ್ಕೆ ಎರಡೂವರೆ ಕಿಲೋ ಜೋಳ ಬೇಕೆಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 9 ಕ್ವಿಂಟಲ್ ಆಗುತ್ತದೆ. ಎಕರೆಗೆ 3 ಕ್ವಿಂಟಲ್ ಇಳುವರಿ ಎಂದರೆ, ಬರಿಯ ರೊಟ್ಟಿಗಾಗಿಯೇ 3 ಎಕರೆ ಬೇಕು. ಬೀಜ, ಆಯ, ಕಂದಾಯ, ಕೂಲಿಗಳ ಲೆಕ್ಕ ಬೇರೆ. ಇವೆಲ್ಲಕ್ಕಿಂತ ಮಿಗಿಲಾಗಿ, ಮಳೆ ಕೈಕೊಟ್ಟ ವರ್ಷಕ್ಕೆಂದು ಎತ್ತಿಡಬೇಕಾದ ಕಾಳು. ಒಕ್ಕಲುಮನೆಯ ನಿಜವಾದ ಆಧಾರವಿದ್ದುದು ಈ ಎತ್ತಿಟ್ಟ ಕಾಳಿನಲ್ಲಿ.

ಈ ಕಾಳನ್ನು ಕಾಪಾಡಿದ್ದು ಹಗೇವು. ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ ತೋಡಿದ ಕುಳಿ ಇದು. ಬಾಯಿ ಕಿರಿದು, ಒಡಲು ಹಿರಿದು. ಒಳಮೈಗೆ ಒಣಹುಲ್ಲನ್ನು ಒತ್ತಾಗಿ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮೆತ್ತುವರು. ಒಳಗಿನ ಗಾಳಿಯಲ್ಲಿ ಪ್ರಾಣವಾಯು ಕುಂದಿ ಇಂಗಾಲಾಮ್ಲ ಹೆಚ್ಚುವುದರಿಂದ ಹುಳು ಬದುಕಲಾರದು. ಕಾಳು ವರ್ಷಗಟ್ಟಲೆ ಕೆಡದು. ಆದರೆ ಅದೇ ಗಾಳಿ ಮನುಷ್ಯನಿಗೂ ಮೃತ್ಯು. ಆದುದರಿಂದ ಹಗೇವನ್ನು ತೆರೆದೊಡನೆ ಯಾರೂ ಇಳಿಯಕೂಡದು. ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು.

ಹಗೇವು ಬರಿದಾದರೆ ಏನಾಗುತ್ತಿತ್ತೆಂಬುದನ್ನು 1876–78ರ ಮಹಾಕ್ಷಾಮ ತೋರಿಸಿತು. ಅದಕ್ಕೆ ಕೆಲವೇ ವರ್ಷ ಮೊದಲು, 1871ರಲ್ಲಿ, ಮುಂಬಯಿ–ಮದರಾಸುಗಳ ನಡುವಣ ರೈಲುದಾರಿ ಕಲಬುರಗಿಯ ಮಾರ್ಗವಾಗಿ ರಾಯಚೂರಿನಲ್ಲಿ ಕೂಡಿಕೊಂಡಿತ್ತು. ಕಂದಾಯವನ್ನು ನಗದಾಗಿ ತೆರಬೇಕಾಗಿದ್ದ ರೈತನಿಗೆ ಕಾಳನ್ನು ಮಾರುವ ದಾರಿ ಇದರಿಂದ ಸುಲಭವಾಯಿತು. ಮಾರಲೇಬೇಕಾದ ಒತ್ತಾಯವೂ ಹೆಚ್ಚಿತು.

ಇನ್ನು ‘ಹಂಗಿಲ್ಲದ ಬಾಳು’ ಎಂಬ ಮಾತನ್ನು ಪರಿಶೀಲಿಸೋಣ. ಉಪ್ಪು, ಕಬ್ಬಿಣಗಳು ಸಂತೆಯಿಂದಲೇ ಬರಬೇಕಾಗಿದ್ದುವು. ಕೂರಿಗೆ, ಕುಂಟೆ, ಕುಡ, ಮಿಣಿ, ಗಡಿಗೆಗಳಿಗಾಗಿ ಬಡಿಗ, ಕಮ್ಮಾರ, ಸಮಗಾರ, ಕುಂಬಾರರು ಬೇಕಾಗಿದ್ದರು. ಸುಗ್ಗಿಯ ಕಣದಲ್ಲಿ ಅವರಿಗೆ ಆಯ ಸಲ್ಲುತ್ತಿತ್ತು. ಅಂದರೆ ಸ್ವಾವಲಂಬಿಯಾಗಿದ್ದುದು ಮನೆಯಲ್ಲ, ಊರು. ಊರೂ ಪೂರ್ತಿಯಾಗಿ ಅಲ್ಲ. ಆ ಊರಿನೊಳಗೂ ಎಲ್ಲರ ಪಾಲು ಒಂದೇ ಆಗಿರಲಿಲ್ಲ. ಭೂಮಿಯಿಲ್ಲದವನಿಗೆ ಹಗೇವಿನ ಮಾತೆಲ್ಲಿಯದು? ಸಾಲಕ್ಕಾಗಿ ಮಗನನ್ನು ಗೌಡನ ಮನೆಯ ಜೀತಕ್ಕಿಟ್ಟ ತಂದೆಯ ಪಾಲಿಗೆ ಸ್ವಾವಲಂಬನೆ ಕಂಡವರ ಮನೆಯ ಸಂಗತಿ. ಜೀತಪದ್ಧತಿಯನ್ನು ಕಾನೂನು ರದ್ದುಗೊಳಿಸಿದ್ದು 1976ರಲ್ಲಿ.

ಈ ಕೊರತೆಯನ್ನು ಈ ಸೀಮೆಯ ಮನಸ್ಸು ತಾನೇ ಅರಿತಿತ್ತೆಂಬುದಕ್ಕೆ ಒಂದು ನಿದರ್ಶನವುಂಟು. ಕಲಬುರಗಿಯ ಶರಣಬಸವೇಶ್ವರರು (1746–1822) ಇದೇ ಜೇವರ್ಗಿ ತಾಲೂಕಿನ ಅರಳಗುಂಡಗಿಯವರು, ಗೃಹಸ್ಥರು, ಒಕ್ಕಲುತನದವರು. ಹೊಲದ ಕಾಳಿಗೆ ಬಂದ ಹಕ್ಕಿಗಳನ್ನು ಅವರು ಓಡಿಸಲಿಲ್ಲ, ಕುಡಿಯಲು ನೀರನ್ನೂ ಇಟ್ಟರು ಎಂಬುದು ಜನರಲ್ಲಿ ಇಂದಿಗೂ ಉಳಿದಿರುವ ಹೇಳಿಕೆ. ಹೇಳಿಕೆಯನ್ನು ಚರಿತ್ರೆಯೆಂದು ನಾವು ಗ್ರಹಿಸಬೇಕಾಗಿಲ್ಲ. ಆದರೆ ಹೊಲದ ಬೆಳೆಯೆಲ್ಲ ಬೆಳೆದವನ ಮನೆಗೇ ಸೇರತಕ್ಕದ್ದಲ್ಲವೆಂಬ ದಾಸೋಹದ ತತ್ತ್ವ ಅದರಲ್ಲಿ ಸ್ಪಷ್ಟವಾಗಿದೆ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿಗೆ ಚರಗ ಚೆಲ್ಲಿ, ಆಮೇಲೆ ನೆರೆಯವರನ್ನೂ ಕರೆದು ಸಜ್ಜೆಯ ಕಡುಬು, ಭಜ್ಜಿ, ರೊಟ್ಟಿ ಉಣ್ಣುವುದು ಇದೇ ಭಾವದ ಆಚರಣೆ.

ಮಕ್ಕಳ ಪಾಲನೆಯ ವಿಷಯಕ್ಕೆ ಬರೋಣ. ಎರಡೂವರೆ ಕಿಲೋ ಜೋಳ ತಾನಾಗಿ ಹಿಟ್ಟಾಗದು. ಗಿರಣಿ ಬರುವ ಮುನ್ನ ಮನೆಯ ಹೆಂಗಸು ಕೋಳಿ ಕೂಗುವ ಹೊತ್ತಿಗೆದ್ದು ಬೀಸುಕಲ್ಲಿನ ಮುಂದೆ ಕೂಡುತ್ತಿದ್ದಳು. ಆಮೇಲೆ ನೀರು, ರೊಟ್ಟಿ, ಬುತ್ತಿ, ಕಳೆ. ಬಿಡುವಿನಲ್ಲಿ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಕೂಸು ಹೊಲದ ಬದುವಿನ ಮರಕ್ಕೆ ಕಟ್ಟಿದ ಜೋಳಿಗೆಯ ತೊಟ್ಟಿಲಲ್ಲಿ ಬೆಳೆಯಿತು. ತುಸು ದೊಡ್ಡದಾದೊಡನೆ ಹುಡುಗಿಗೆ ತಮ್ಮನನ್ನು ಎತ್ತಿಕೊಳ್ಳುವ ಕೆಲಸ. ಹುಡುಗನಿಗೆ ದನ ಮೇಯಿಸುವ, ಜೋಳ ಹಾಲುಗಟ್ಟಿದಾಗ ಕವಣೆ ಹಿಡಿದು ಹಕ್ಕಿ ಕಾಯುವ ಕೆಲಸ. ಇದರಿಂದ ಮಕ್ಕಳು ಕಲಿತ ವಿದ್ಯೆ ಸಣ್ಣದಲ್ಲ. ಆದರೆ ಮಗುವಿನ ದುಡಿಮೆ ಮನೆಯ ಲೆಕ್ಕದೊಳಗೆ ಸೇರಿಹೋಗಿತ್ತೆಂಬುದನ್ನು ಮರೆಯಲಾಗದು.

ಶಾಲೆ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಶಾಲೆಗೆ ಹೋದ ಮಗು ಒಂದು ಜೊತೆ ಕೈಗಳ ಕೊರತೆ, ಮೇಲೆ ನಗದು ಖರ್ಚು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಮೇಲಿನ ಓದು ದೂರದ್ದಾಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆ ಉರ್ದು. ಸಂಸ್ಥಾನ ಭಾರತದಲ್ಲಿ ಸೇರಿದ್ದು 1948ರಲ್ಲಿ; ಈ ಸೀಮೆ ಕನ್ನಡ ರಾಜ್ಯಕ್ಕೆ ಬಂದದ್ದು 1956ರಲ್ಲಿ. 1936ರಲ್ಲಿ ನೆಲೋಗಿಯಲ್ಲಿ ಜನಿಸಿ, ಉಸ್ಮಾನಿಯಾದಲ್ಲಿ ಓದಿ, 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅವರ ಜೀವನ ಇಂಥ ಓದು ತೆರೆದ ದಾರಿಗೆ ಸಾಕ್ಷಿ. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ದೊರೆತದ್ದು 1980ರಲ್ಲಿ.

ಇಂದು ಈ ಜಿಲ್ಲೆ ತೊಗರಿಯ ನಾಡೆಂದು ಹೆಸರಾಗಿದೆ; ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಮಗಳ ಕಾಲೇಜಿನ ಶುಲ್ಕವನ್ನು ತೊಗರಿ ತೆತ್ತಿದೆ ಎಂಬುದು ಸುಳ್ಳಲ್ಲ. ಆದರೆ 2022–23ರಲ್ಲಿ ನೆಟೆರೋಗ ಬಿದ್ದಾಗ, ತೊಗರಿಯೊಂದನ್ನೇ ನೆಚ್ಚಿದ ಮನೆಗೆ ಅಕ್ಕಡಿಯ ಆಸರೆಯೂ ಇರಲಿಲ್ಲ, ಹಗೇವಿನ ಕಾಳೂ ಇರಲಿಲ್ಲ. ಬೆಳೆ ಹೋದ ವರ್ಷ ದೂರದ ಪಟ್ಟಣಗಳಿಗೆ ಗುಳೆ ಹೋಗುವ ತಂದೆತಾಯಿಗಳ ಬೆನ್ನಿಗೆ ಮಕ್ಕಳೂ ಹೋಗುತ್ತಾರೆ. ಮೊದಲು ತಪ್ಪುವುದು ಶಾಲೆಯೇ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಹಳೆಯ ಒಕ್ಕಲುಮನೆ ಬೀಸುಕಲ್ಲು, ಜೀತ, ಕವಣೆ ಹಿಡಿದ ಹುಡುಗ ಇವುಗಳ ಮೇಲೆ ನಿಂತಿದ್ದಷ್ಟು ಮಟ್ಟಿಗೆ ಅದರ ಅಳಿವಿಗಾಗಿ ಮರುಗಬೇಕಾದುದಿಲ್ಲ. ಮಿಶ್ರಬೆಳೆ, ವರ್ಷದಾಚೆಗೂ ನಿಲ್ಲುವ ಕಾಳು, ಕಣದಲ್ಲಿ ಪರರಿಗೂ ಪಾಲು, ಇವುಗಳ ಮೇಲೆ ನಿಂತಿದ್ದಷ್ಟು ಮಟ್ಟಿಗೆ ಅದರಿಂದ ಕಲಿಯಬೇಕಾದುದು ಉಂಟು. ಮಕ್ಕಳನ್ನು ಶಾಲೆಯಲ್ಲಿ ಉಳಿಸಬೇಕೆನ್ನುವ ಮನೆಗೇ ಹಗೇವು ಎಲ್ಲರಿಗಿಂತ ಹೆಚ್ಚು ಬೇಕು.