ಪೆಟ್ರೋಲಿನ ಶುದ್ಧಿಕಾರಕ ದ್ರವಗಳು: ಅವುಗಳ ಗುಣವೂ ಮಿತಿಯೂ

ಬಶೀರಾಬಾದು ದೊಡ್ಡ ಪಟ್ಟಣವಲ್ಲ. ಆದರೂ ಇಲ್ಲಿಯ ಜನಜೀವನವು ಇಂದು ಬಹುಮಟ್ಟಿಗೆ ಯಂತ್ರವಾಹನಗಳನ್ನು ಅವಲಂಬಿಸಿಕೊಂಡಿದೆ. ತಾಂಡೂರಿನ ಪೇಟೆಯಲ್ಲಿ ತೊಗರಿಯ ಧಾರಣೆ ವಿಚಾರಿಸಲು ಹೋಗುವ ರೈತನಿಗೂ, ಹಾಸುಗಲ್ಲಿನ ಗಣಿಗೆ ಕೆಲಸಕ್ಕೆ ಹೋಗುವ ಕೂಲಿಕಾರನಿಗೂ, ಸೇಡಂ ಕಡೆಯ ಬಂಧುಗಳ ಮನೆಗೆ ಮದುವೆಗೆಂದು ಹೊರಟ ಸಂಸಾರಕ್ಕೂ ಮೋಟಾರು ಸೈಕಲ್ಲು, ಆಟೋ, ಕಾರುಗಳೇ ಕೈಕಾಲುಗಳಾಗಿವೆ. ಎಷ್ಟೋ ಮನೆಗಳಲ್ಲಿ ಆ ವಾಹನವು ಸಾಲ ಮಾಡಿ ಕೊಂಡದ್ದು. ಮತ್ತೆಷ್ಟೋ ಮನೆಗಳಲ್ಲಿ ಇನ್ನೊಬ್ಬರು ಬಳಸಿ ಮಾರಿದ್ದು. ಅದು ಕೆಟ್ಟು ನಿಂತರೆ ಅಂದಿನ ಸಂಪಾದನೆಯೂ ನಿಲ್ಲುತ್ತದೆ. ಹೀಗಿರುವಲ್ಲಿ, “ಈ ಸೀಸೆಯ ದ್ರವವನ್ನು ಪೆಟ್ರೋಲಿನೊಡನೆ ಬೆರೆಸಿರಿ, ಇಂಜಿನ್ ಒಳಗೆಲ್ಲ ತೊಳೆದು ಹೊಸದರಂತಾಗುತ್ತದೆ” ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಅತ್ತ ಹರಿಯುವುದು ಸಹಜವೇ ಆಗಿದೆ.

ಈ ಮಾತು ನಿಜವೇ? ಇದು ಪೂರ್ಣ ಸುಳ್ಳಲ್ಲ. ಪೂರ್ಣ ನಿಜವೂ ಅಲ್ಲ. ಇಂತಹ ದ್ರವ್ಯಗಳಿಗೆ ನಿಜವಾದ ಗುಣವುಂಟು. ಆದರೆ ಆ ಗುಣವು ಪೆಟ್ರೋಲು ಮುಟ್ಟುವ ಸ್ಥಳಕ್ಕೆ ಮಾತ್ರ ಸೀಮಿತವಾದುದು. ಎಲ್ಲಿಯ ಕೊಳೆ, ಯಾವ ಬಗೆಯ ಕೊಳೆ, ಅಲ್ಲಿಗೆ ಪೆಟ್ರೋಲು ತಲಪುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಈ ವಿಷಯದಲ್ಲಿ ಯಾರೂ ಮೋಸಹೋಗಬೇಕಾಗಿಲ್ಲ.

ಮೊದಲು ಕೊಳೆಯು ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ಪೆಟ್ರೋಲು ಒಂದೇ ವಸ್ತುವಲ್ಲ. ಜಲಜನಕ ಮತ್ತು ಇಂಗಾಲಗಳಿಂದಾದ ನೂರಾರು ಸಂಯುಕ್ತಗಳ ಮಿಶ್ರಣ. ಅವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಕೂಡಿ ಅಂಟಿನಂತಹ ಪದಾರ್ಥವಾಗುತ್ತವೆ. ಬಹುಕಾಲ ನಿಲ್ಲಿಸಿದ ಮೋಟಾರು ಸೈಕಲ್ಲಿನ ಕಾರ್ಬುರೇಟರಿನಲ್ಲಿ ಕಾಣುವ ಕಂದುಬಣ್ಣದ ಲೇಪವು ಇದೇ. ಇಂಜಿನ್ ಬಿಸಿಯಾಗಿರುವಾಗ ನಿಲ್ಲಿಸಿದರೆ, ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಟರಿನ ತುದಿಯಲ್ಲಿ ಉಳಿದ ಹನಿಯು ಅಲ್ಲಿಯೇ ಬೆಂದು ಗಟ್ಟಿಯಾಗುತ್ತದೆ. ಆ ತುದಿಯ ರಂಧ್ರಗಳು ಕೂದಲೆಳೆಯಷ್ಟು ಸಣ್ಣವು. ಅವು ಸ್ವಲ್ಪ ಕಟ್ಟಿದರೂ ನುಣ್ಣನೆಯ ತುಂತುರಿನ ಬದಲು ಓರೆಯಾದ ಧಾರೆ ಬೀಳುತ್ತದೆ. ಆಗ ಪೆಟ್ರೋಲು ಸರಿಯಾಗಿ ಉರಿಯದೆ, ಇಂಜಿನ್ ನಡುಗುವುದೂ ಮೈಲೇಜು ಇಳಿಯುವುದೂ ಉಂಟು. ಇಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲು ಪ್ರವೇಶಿಸುವ ಕವಾಟದ, ಎಂದರೆ ಇನ್‌ಟೇಕ್ ವಾಲ್ವಿನ, ಬೆನ್ನಿನ ಮೇಲೂ ಇದೇ ರೀತಿ ಕಪ್ಪು ಕಿಟ್ಟ ಕಟ್ಟುತ್ತದೆ.

ಹಾಲು ಕಾಯಿಸುವ ಪಾತ್ರೆಯನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿದ್ದಾರೆ. ಹಾಲು ಬಗ್ಗಿಸಿದ ಕೂಡಲೇ ನೀರು ಹಾಕಿ ಕದಡಿದರೆ ಪಾತ್ರೆ ಶುದ್ಧವಾಗುತ್ತದೆ. ಅದೇ ಪಾತ್ರೆಯನ್ನು ದಿನದಿನವೂ ತೊಳೆಯದೆ ಒಲೆಯ ಮೇಲಿಟ್ಟರೆ ತಳ ಹಿಡಿದು ಕರಕಾಗುತ್ತದೆ. ಆಗ ನೀರಿನಿಂದ ಪ್ರಯೋಜನವಿಲ್ಲ, ಕೆರೆಯಲೇಬೇಕು. ಇಂಜಿನ್ನಿನ ಕೊಳೆಯೂ ಹೀಗೆಯೇ. ಎಳೆಯ ಕೊಳೆಯನ್ನು ತಡೆಯುವುದು ಸುಲಭ. ಬೆಂದು ಕಲ್ಲಾದುದನ್ನು ಕರಗಿಸುವುದು ಬಹಳ ಕಷ್ಟ.

ಶುದ್ಧಿಕಾರಕವು ಕೆಲಸ ಮಾಡುವ ರೀತಿಯು ಸಾಬೂನಿನ ರೀತಿಯನ್ನು ಹೋಲುತ್ತದೆ. ಅದರ ಪ್ರತಿಯೊಂದು ಅಣುವಿಗೂ ಒಂದು ತಲೆ ಮತ್ತು ಒಂದು ಉದ್ದವಾದ ಬಾಲವಿದೆಯೆಂದು ಭಾವಿಸಿರಿ. ತಲೆಯಲ್ಲಿ ಸಾರಜನಕವಿರುತ್ತದೆ, ಅದು ಲೋಹಕ್ಕೂ ಕೊಳೆಯ ಕಣಕ್ಕೂ ಹತ್ತಿಕೊಳ್ಳುತ್ತದೆ. ಬಾಲವು ಪೆಟ್ರೋಲಿನಲ್ಲಿ ಕರಗುವಂತಹದು. ಹೀಗೆ ಅಣುಗಳು ಲೋಹದ ಮೇಲೆ ತೆಳುವಾದ ಪರದೆಯಾಗಿ ನಿಂತು ಕೊಳೆ ಹತ್ತದಂತೆ ತಡೆಯುತ್ತವೆ. ಹತ್ತಿದ ಕಣವನ್ನು ಸುತ್ತುವರಿದು ಮೆಲ್ಲಗೆ ಬಿಡಿಸಿ ಪೆಟ್ರೋಲಿನೊಡನೆ ಸಾಗಿಸುತ್ತವೆ. ಪಾಲಿಐಸೊಬ್ಯುಟಿಲೀನ್ ಅಮೈನ್ ಮತ್ತು ಪಾಲಿಈಥರ್ ಅಮೈನ್ ಎಂಬವು ಇವುಗಳಲ್ಲಿ ಹೆಸರಾದವು. ಮೊದಲನೆಯದು ಕವಾಟವನ್ನು ಚೆನ್ನಾಗಿ ಕಾಯುತ್ತದೆ. ಎರಡನೆಯದು ಹೆಚ್ಚಿನ ಶಾಖವನ್ನು ತಾಳಿ, ಪೆಟ್ರೋಲು ಉರಿಯುವ ಕೋಣೆಯ ಕಿಟ್ಟವನ್ನೂ ಸ್ವಲ್ಪಮಟ್ಟಿಗೆ ಕಡಮೆಮಾಡಬಲ್ಲದು.

ಈ ವಿದ್ಯೆ ಹೊಸದಲ್ಲ. ಕಾರ್ಬುರೇಟರನ್ನು ಶುದ್ಧವಾಗಿಡುವ ದ್ರವ್ಯವನ್ನು ಅಮೆರಿಕೆಯಲ್ಲಿ 1954ರ ಸುಮಾರಿಗೇ ಪೆಟ್ರೋಲಿಗೆ ಸೇರಿಸತೊಡಗಿದರು. 1980ರ ದಶಕದಲ್ಲಿ ಇಂಜೆಕ್ಟರುಗಳುಳ್ಳ ಕಾರುಗಳು ಹೆಚ್ಚಾಗಿ, ಅವುಗಳ ರಂಧ್ರಗಳು ಕಟ್ಟಿಕೊಳ್ಳುವ ತೊಂದರೆ ಎದ್ದಾಗ ಅದರ ಅಗತ್ಯವು ಮತ್ತಷ್ಟು ಸ್ಪಷ್ಟವಾಯಿತು. 1995ರಿಂದ ಆ ದೇಶದಲ್ಲಿ ಮಾರುವ ಪೆಟ್ರೋಲಿನಲ್ಲಿ ಇದು ಕನಿಷ್ಠ ಪ್ರಮಾಣದಲ್ಲಾದರೂ ಇರಲೇಬೇಕೆಂದು ಸರಕಾರವು ವಿಧಿಸಿತು. ಆ ಕನಿಷ್ಠ ಪ್ರಮಾಣವು ಸಾಲದೆಂದು ಕಂಡ ಬಿ.ಎಂ.ಡಬ್ಲ್ಯು., ಜನರಲ್ ಮೋಟಾರ್ಸ್, ಹೋಂಡಾ ಮತ್ತು ಟೊಯೋಟಾ ಕಂಪನಿಗಳು 2004ರಲ್ಲಿ ‘ಟಾಪ್ ಟಿಯರ್’ ಎಂಬ ಮೇಲ್ಮಟ್ಟದ ನಿಯಮವನ್ನು ತಾವೇ ಏರ್ಪಡಿಸಿದವು.

ಈ ಎರಡು ಮಟ್ಟದ ಪೆಟ್ರೋಲುಗಳಲ್ಲಿ ನಿಜವಾಗಿ ಅಂತರವಿದೆಯೇ ಎಂಬುದನ್ನು ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ ಎಂಬ ವಾಹನ ಸವಾರರ ಸಂಘವು ಪರೀಕ್ಷೆ ಮಾಡಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಸುಮಾರು 6,400 ಕಿಲೋಮೀಟರ್ ಓಟಕ್ಕೆ ಸಮನಾಗುವಷ್ಟು ಕಾಲ ಇಂಜಿನ್ನನ್ನು ಓಡಿಸಿ ನೋಡಿದಾಗ, ಮೇಲ್ಮಟ್ಟದ ನಿಯಮಕ್ಕೆ ಒಳಪಡದ ಪೆಟ್ರೋಲುಗಳಿಂದ ಕವಾಟದ ಮೇಲೆ ಕಟ್ಟಿದ ಕಿಟ್ಟವು ಸರಾಸರಿ 19 ಪಟ್ಟು ಹೆಚ್ಚಾಗಿತ್ತು. ಆದುದರಿಂದ ಶುದ್ಧಿಕಾರಕವೆಂಬುದು ಬರಿಯ ಬಣ್ಣದ ಮಾತಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಅಲ್ಲಿ ಹೋಲಿಸಿದ್ದು ಪೆಟ್ರೋಲು ಮತ್ತು ಪೆಟ್ರೋಲುಗಳನ್ನೇ ಹೊರತು, ಅಂಗಡಿಯ ಸೀಸೆಗಳನ್ನಲ್ಲ. ಪ್ರತಿ ಹನಿಯಲ್ಲಿಯೂ ಸ್ವಲ್ಪಸ್ವಲ್ಪವಾಗಿ ಇದ್ದುದರಿಂದ ಬಂದ ಫಲ ಅದು. ವರ್ಷಕ್ಕೊಮ್ಮೆ ಸುರಿದುದರಿಂದ ಬಂದ ಫಲವಲ್ಲ.

ಇನ್ನು ಮಿತಿಗಳನ್ನು ಹೇಳಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಪೆಟ್ರೋಲನ್ನು ಕವಾಟದ ಹಿಂದೆ ಸಿಂಪಡಿಸದೆ ನೇರವಾಗಿ ಉರಿಯುವ ಕೋಣೆಯೊಳಗೇ ಸಿಂಪಡಿಸುತ್ತಾರೆ. ಇಂತಹ ಇಂಜಿನ್ನಿನ ಕವಾಟದ ಬೆನ್ನನ್ನು ಪೆಟ್ರೋಲು ಮುಟ್ಟುವುದೇ ಇಲ್ಲ. ಮುಟ್ಟದ ನೀರು ಮೈ ತೊಳೆಯಲಾರದು. ಇಲ್ಲಿ ಇಂಜೆಕ್ಟರಿನ ಮಟ್ಟಿಗೆ ಪ್ರಯೋಜನವುಂಟೇ ವಿನಾ ಕವಾಟದ ಕಿಟ್ಟಕ್ಕೆ ಟ್ಯಾಂಕಿಗೆ ಸುರಿದ ಯಾವ ದ್ರವವೂ ಮದ್ದಲ್ಲ. ಅದನ್ನು ತೆಗೆಯಲು ಅಕ್ರೋಟಿನ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಿಂದ ಬಡಿಯುವ ಕ್ರಮವು ಕಾರ್ಖಾನೆಗಳಲ್ಲಿ ರೂಢಿಯಲ್ಲಿದೆ.

ಎರಡನೆಯದು ಇಂಜಿನ್ ಆಯಿಲು. ಇಂಜಿನ್ನಿನ ಕೆಳಭಾಗವನ್ನೂ ತಿರುಗುವ ಅಂಗಗಳನ್ನೂ ಶುದ್ಧವಾಗಿಡುವುದು ಪೆಟ್ರೋಲಲ್ಲ, ಆಯಿಲು. ಅದರಲ್ಲಿಯೂ ಅದಕ್ಕೆ ತಕ್ಕ ಶುದ್ಧಿಕಾರಕವನ್ನು ಬೆರೆಸಿರುತ್ತಾರೆ. ಬಳಸಿದ ಆಯಿಲು ಕಪ್ಪಾಗುವುದನ್ನು ಕಂಡು ಅದು ಕಳಪೆಯೆಂದು ಕೆಲವರು ತಿಳಿಯುವುದುಂಟು. ಕೊಳೆಯನ್ನು ತನ್ನೊಳಗೆ ಎತ್ತಿಕೊಂಡುದರಿಂದಲೇ ಅದು ಕಪ್ಪಾಗಿದೆ. ಎತ್ತಿಕೊಂಡ ಕೊಳೆಯೊಡನೆ ಅದನ್ನು ಸಕಾಲದಲ್ಲಿ ಹೊರಕ್ಕೆ ತೆಗೆಯುವುದು ಮಾತ್ರ ನಮ್ಮ ಕರ್ತವ್ಯ.

ಮೂರನೆಯದು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದುದು. ತಾಂಡೂರಿನ ಸುತ್ತಮುತ್ತ ಹಾಸುಗಲ್ಲಿನ ಗಣಿಗಳೂ, ಕಲ್ಲನ್ನು ಕೊಯ್ದು ನಯಮಾಡುವ ಘಟಕಗಳೂ, ಸಿಮೆಂಟಿನ ಕಾರ್ಖಾನೆಗಳೂ ಇವೆ. ಬೇಸಗೆಯಲ್ಲಿ ಲಾರಿಯೊಂದರ ಹಿಂದೆ ಹೋಗುವ ಸವಾರನ ಹುಬ್ಬುಗಳೇ ಬೆಳ್ಳಗಾಗುತ್ತವೆ. ಆ ಸುಣ್ಣಗಲ್ಲಿನ ಧೂಳನ್ನು ಇಂಜಿನ್ನಿನೊಳಗೆ ಹೋಗದಂತೆ ತಡೆಯುವುದು ಏರ್ ಫಿಲ್ಟರು. ಅದು ಮುಚ್ಚಿಹೋದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಹರಿದುಹೋದರೆ ಧೂಳು ಒಳಸೇರಿ ಪಿಸ್ಟನ್ನಿನ ಉಂಗುರಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸವೆಸುತ್ತದೆ. ಸವೆದ ಲೋಹವನ್ನು ಯಾವ ದ್ರವವೂ ಮರಳಿ ಬೆಳೆಸಲಾರದು. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿರುವ ಹಳೆಯ ವಾಹನಕ್ಕೆ ಸೀಸೆಯ ಮೇಲೆ ಸೀಸೆ ಸುರಿಯುವುದು ಮುರಿದ ಕಾಲಿಗೆ ಕೆಮ್ಮಿನ ಔಷಧ ಕುಡಿಸಿದಂತೆ.

ಪೆಟ್ರೋಲ್ ಬಂಕಿನಲ್ಲಿ ಹೆಚ್ಚಿನ ಬೆಲೆಗೆ ದೊರೆಯುವ ಪೆಟ್ರೋಲಿನ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯುಂಟು. 95, 100 ಎಂಬ ಸಂಖ್ಯೆಗಳು ಆಕ್ಟೇನ್ ಸಂಖ್ಯೆಗಳು. ಕಿಡಿ ಹತ್ತುವ ಮೊದಲೇ ಒತ್ತಡದಿಂದ ತಾನಾಗಿ ಸಿಡಿಯದೆ ಪೆಟ್ರೋಲು ಎಷ್ಟು ತಾಳುತ್ತದೆಂಬುದನ್ನು ಅವು ತಿಳಿಸುತ್ತವೆಯೇ ಹೊರತು ಶುದ್ಧಿಯ ಗುಣವನ್ನಲ್ಲ. ಅಂತಹ ಪೆಟ್ರೋಲಿನಲ್ಲಿ ಶುದ್ಧಿಕಾರಕವನ್ನೂ ಹೆಚ್ಚಾಗಿ ಸೇರಿಸಿರಬಹುದು. ಆದರೆ ಅದು ಬೇರೆ ಗುಣ, ಇದು ಬೇರೆ ಗುಣ. ವಾಹನದ ಕೈಪಿಡಿಯು ಕೇಳದ ಆಕ್ಟೇನಿಗೆ ಹಣ ತೆತ್ತರೆ ಸಾಮಾನ್ಯ ಮೋಟಾರು ಸೈಕಲ್ಲಿಗೆ ಹೇಳಿಕೊಳ್ಳುವಂತಹ ಲಾಭವಿಲ್ಲ.

ಎಥನಾಲಿನ ವಿಚಾರವನ್ನೂ ಇಲ್ಲಿಯೇ ಹೇಳಬಹುದು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲಿಗೆ ನೀರನ್ನು ಹೀರುವ ಸ್ವಭಾವವಿದೆ. ಹಳೆಯ ಟ್ಯಾಂಕಿನ ತಳದಲ್ಲಿ ಹಿಡಿದ ಕೊಳೆಯನ್ನು ಸಡಿಲಿಸುವ ಸ್ವಭಾವವೂ ಇದೆ. ಆದುದರಿಂದ ಹಳೆಯ ವಾಹನವುಳ್ಳವರು ಟ್ಯಾಂಕಿನ ಮುಚ್ಚಳವು ಮಳೆನೀರನ್ನು ಬಿಡದಂತೆ ನೋಡಿಕೊಳ್ಳುವುದೂ, ಪೆಟ್ರೋಲಿನ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದೂ, ತಿಂಗಳುಗಟ್ಟಲೆ ಪೆಟ್ರೋಲು ತುಂಬಿಸಿ ವಾಹನವನ್ನು ನಿಲ್ಲಿಸದಿರುವುದೂ ಒಳ್ಳೆಯದು.

ಇನ್ನು ಲೆಕ್ಕವನ್ನು ನೋಡೋಣ. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ತಂದೆತಾಯಿಗಳಿಗೆ ತೋರಿಸಬಹುದು. ಒಂದು ಸೀಸೆಗೆ 300 ರೂಪಾಯಿ, ಪೆಟ್ರೋಲು ಲೀಟರಿಗೆ 100 ರೂಪಾಯಿ, ಮೋಟಾರು ಸೈಕಲ್ಲು ಲೀಟರಿಗೆ 50 ಕಿಲೋಮೀಟರ್ ಓಡುತ್ತದೆ, ಸೀಸೆಯ ಫಲವು 2,000 ಕಿಲೋಮೀಟರಿನವರೆಗೆ ನಿಲ್ಲುತ್ತದೆ ಎಂದು ಇಟ್ಟುಕೊಳ್ಳೋಣ. ಅಷ್ಟು ದೂರಕ್ಕೆ ಬೇಕಾಗುವ ಪೆಟ್ರೋಲು 40 ಲೀಟರು, ಬೆಲೆ 4,000 ರೂಪಾಯಿ. ಸೀಸೆಯ ಹಣ ಹಿಂದಿರುಗಬೇಕಾದರೆ 3 ಲೀಟರು, ಎಂದರೆ ಶೇಕಡಾ ಏಳೂವರೆ, ಉಳಿಯಬೇಕು. ಇಂಜೆಕ್ಟರು ನಿಜವಾಗಿ ಕಟ್ಟಿದ್ದರೆ ಅಷ್ಟು ಉಳಿಯಬಹುದು. ಶುದ್ಧವಾಗಿಯೇ ಇರುವ ಇಂಜಿನ್ನಿನಲ್ಲಿ ಉಳಿಸಲು ಏನಿದೆ?

ಉಳಿಯಿತೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಕ್ರಮವೂ ಸರಳವಾದುದು. ಮೂರು ಸಲ ಟ್ಯಾಂಕು ತುಂಬಿಸಿದಾಗಿನ ಲೀಟರುಗಳನ್ನೂ ಓಡಿದ ಕಿಲೋಮೀಟರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬಳಿಕ ದ್ರವವನ್ನು ಬೆರೆಸಿ, ಅದೇ ರಸ್ತೆಯಲ್ಲಿ, ಅದೇ ಭಾರದೊಡನೆ ಮತ್ತೆ ಮೂರು ಸಲ ಬರೆಯಬೇಕು. ಈ ನಡುವೆ ಆಯಿಲು, ಫಿಲ್ಟರು, ಟೈರಿನ ಗಾಳಿ ಮೊದಲಾದವುಗಳಲ್ಲಿ ಯಾವುದನ್ನೂ ಬದಲಿಸಕೂಡದು. ಮೆಕ್ಯಾನಿಕನು ಒಂದೇ ದಿನ ಆಯಿಲು ಬದಲಿಸಿ, ಫಿಲ್ಟರು ತೊಳೆದು, ಸೀಸೆಯನ್ನೂ ಸುರಿದರೆ, ವಾಹನ ಹಗುರವಾಗಿ ಓಡಿದುದು ಯಾವುದರಿಂದ ಎಂದು ಯಾರು ಹೇಳಬಲ್ಲರು? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ವಿಜ್ಞಾನದ ಮೊದಲ ಪಾಠ.

ಬೆರೆಸುವ ವಸ್ತುಗಳ ವಿಷಯದಲ್ಲಿ ಇತಿಹಾಸವು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದೆ. 1921ರಲ್ಲಿ ಅಮೆರಿಕೆಯ ಥಾಮಸ್ ಮಿಡ್ಜ್‌ಲಿ ಎಂಬವರು ಸೀಸ ಎಂಬ ಲೋಹದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದರೆ ಇಂಜಿನ್ನಿನ ಬಡಿತ ನಿಲ್ಲುತ್ತದೆಂದು ಕಂಡುಹಿಡಿದರು. ಇಂಜಿನ್ನಿಗೆ ಅದು ಹಿತವಾಯಿತು. ಹೊಗೆಯನ್ನು ಉಸಿರಾಡಿದ ಮಕ್ಕಳ ಮಿದುಳಿಗೆ ವಿಷವಾಯಿತು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲೇ ಬಂದಿತು. ಲೋಕದಲ್ಲಿ ಕಟ್ಟಕಡೆಯದಾಗಿ ಆಲ್ಜೀರಿಯ ದೇಶವು 2021ರಲ್ಲಿ ಅದನ್ನು ನಿಲ್ಲಿಸಿತು. ಈಗಿನ ಶುದ್ಧಿಕಾರಕಗಳಲ್ಲಿ ಸೀಸವಿಲ್ಲ. ಆದರೂ ಒಳಗೇನಿದೆಯೆಂದು ಬರೆಯದ, ವಾಹನ ತಯಾರಕರು ಒಪ್ಪದ ದ್ರವವನ್ನು ಬಳಸದಿರುವುದು ವಿವೇಕ. ಸೀಮೆಎಣ್ಣೆ, ತೆಳುಗಾರಕ ಎಣ್ಣೆ ಮೊದಲಾದವುಗಳನ್ನು ಬೆರೆಸುವ ನಾಟಿ ಉಪಾಯವಂತೂ ಕೊಳೆಯನ್ನು ತೆಗೆಯುವ ಬದಲು ಹೆಚ್ಚಿಸುತ್ತದೆ. ಈ ಸೀಸೆಗಳೆಲ್ಲವೂ ವಿಷವಾದುದರಿಂದ ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು. ಖಾಲಿಯಾದ ಮೇಲೂ ನೀರಿಗೋ ಎಣ್ಣೆಗೋ ಬಳಸಕೂಡದು. ನಳಿಗೆಯನ್ನು ಬಾಯಿಗಿಟ್ಟು ಪೆಟ್ರೋಲು ಎಳೆಯುವುದು ಪ್ರಾಣಾಪಾಯಕರ.

ಆದುದರಿಂದ ಪೋಷಕರಲ್ಲಿ ನನ್ನ ಸಲಹೆ ಇಷ್ಟೇ. ನಂಬಿಕೆಯುಳ್ಳ ಬಂಕಿನಲ್ಲಿ ಪೆಟ್ರೋಲು ಹಾಕಿಸಿರಿ. ಆಯಿಲನ್ನು ಕೈಪಿಡಿಯಲ್ಲಿ ಹೇಳಿದ ಗಡುವಿಗೆ ಬದಲಿಸಿರಿ. ನಮ್ಮ ಊರಿನ ಧೂಳಿನಲ್ಲಿ ಏರ್ ಫಿಲ್ಟರನ್ನು ಆ ಗಡುವಿಗಿಂತ ಮೊದಲೇ ನೋಡಿರಿ. ಹಳೆಯ ವಾಹನದ ಇಂಜಿನ್ ನಡುಗುತ್ತಿದ್ದು, ಬೇರೆ ದೋಷವಿಲ್ಲವೆಂದು ಬಲ್ಲವರು ಹೇಳಿದರೆ, ಒಳ್ಳೆಯ ತಯಾರಿಕೆಯ ಶುದ್ಧಿಕಾರಕವನ್ನು ಸೀಸೆಯ ಮೇಲೆ ಬರೆದ ಅಳತೆಯಲ್ಲಿ ಒಮ್ಮೆ ಬಳಸಿ ನೋಡುವುದರಲ್ಲಿ ತಪ್ಪಿಲ್ಲ. ತಿಂಗಳುತಿಂಗಳೂ ಕೊಳ್ಳುವುದಾದರೆ ಮೇಲಿನ ಲೆಕ್ಕವನ್ನು ಮೊದಲು ಮಾಡಿರಿ. ಆ ಹಣದಲ್ಲಿ ಒಂದು ಹೊಸ ಫಿಲ್ಟರು ಬರಬಹುದು.

ಯಂತ್ರವನ್ನು ಕೊಳೆಯಾಗಲು ಬಿಟ್ಟು ಬಳಿಕ ತೊಳೆಯುವುದಕ್ಕಿಂತ ಕೊಳೆಯಾಗದಂತೆ ನೋಡಿಕೊಳ್ಳುವುದು ಕಡಮೆ ಖರ್ಚಿನ ಕೆಲಸ. ವರ್ಷವಿಡೀ ಪುಸ್ತಕ ಮುಟ್ಟದೆ ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವನ್ನೂ ಓದಿಬಿಡುವೆನೆಂದು ಕೂರುವ ವಿದ್ಯಾರ್ಥಿಗಳಿಗೂ ಇದನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ.